ಚಿತ್ರದಲ್ಲಿಲ್ಲದ ದೂರ

ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಒಂದು ಚಿತ್ರವಿದೆ. ಭೌತಶಾಸ್ತ್ರದ ಮಿತ್ರರೊಬ್ಬರು 2023ರ ಕೊನೆಯಲ್ಲಿ ಅದನ್ನು ದೊಡ್ಡದಾಗಿ ಅಚ್ಚು ಹಾಕಿಸಿ, ಕಟ್ಟು ಹಾಕಿಸಿ, ಕುವೆಂಪು ಮತ್ತು ಬೇಂದ್ರೆಯವರ ಭಾವಚಿತ್ರಗಳ ನಡುವೆ ತೂಗುಹಾಕಿದರು. ಓರೆಯಾಗಿ ಹಿಡಿದ ತಟ್ಟೆಯಂತೆ ಆಂಡ್ರೊಮೀಡ ಗೆಲಾಕ್ಸಿ. ಅದರ ಪಕ್ಕದಲ್ಲಿ, ಯಾರೋ ಒದ್ದೆ ಬೆರಳಿನಿಂದ ಎಳೆದುಬಿಟ್ಟಂತೆ, ಒಂದು ನೀಲಿ ಕಮಾನು. ತೂಗುಹಾಕಿದ ಮರುದಿನವೇ ನಮ್ಮ ಅಟೆಂಡರು ಬಟ್ಟೆ ತಂದು ಗಾಜನ್ನು ಚೆನ್ನಾಗಿ ಉಜ್ಜಿದರು. “ಕಲೆ ಹೋಗ್ತಾ ಇಲ್ಲ ಸಾರ್, ಒಳಗಡೆ ಇರಬೇಕು” ಎಂದು ವರದಿ ಒಪ್ಪಿಸಿದರು. ನಾವೆಲ್ಲ ನಕ್ಕೆವು. ಈಗ ಯೋಚಿಸಿದರೆ ಆ ಚಿತ್ರವನ್ನು ಕುರಿತು ನಮ್ಮ ಕೊಠಡಿಯಲ್ಲಿ ನಡೆದ ಮೊದಲ ವಿಮರ್ಶೆ ಅದೇ. ಅದು ಕೆಟ್ಟ ವಿಮರ್ಶೆಯೂ ಅಲ್ಲ. ಕಲೆ ಗಾಜಿನ ಮೇಲಿದೆಯೋ ಒಳಗಿದೆಯೋ, ಒಳಗಿದ್ದರೆ ಎಷ್ಟು ಒಳಗಿದೆ, ಎಂಬ ಪ್ರಶ್ನೆಯನ್ನೇ ಹಿಡಿದು ಖಗೋಳಜ್ಞರು ಹಲವು ವರ್ಷ ದುಡಿದಿದ್ದಾರೆ.

ಆ ಕಮಾನು ಆಂಡ್ರೊಮೀಡಕ್ಕೆ ಸೇರಿದ್ದೇ ಅಲ್ಲ, ನಮಗೆ ತೀರ ಹತ್ತಿರದ್ದು ಎಂಬ ಸುದ್ದಿ ಈಚೆಗೆ ಕೊಠಡಿಯನ್ನು ಮುಟ್ಟಿತು. ಇತಿಹಾಸದ ಅಧ್ಯಾಪಕರು ಪತ್ರಿಕೆ ಮಡಿಸಿಟ್ಟು, “ಹಾಗಾದರೆ ಅದು ಸುಳ್ಳು ಚಿತ್ರ. ಇಳಿಸಿಬಿಡುವುದು ಮೇಲು” ಎಂದರು. ಭೌತಶಾಸ್ತ್ರದ ಮಿತ್ರರು ಮಾತನಾಡಲಿಲ್ಲ. ನಾನು ಮಾತ್ರ “ಇಳಿಸಕೂಡದು” ಎಂದೆ. “ಆಕಾಶದ ವಿಚಾರದಲ್ಲಿ ಕನ್ನಡ ಮೇಷ್ಟ್ರಿಗೆ ಏನು ಅಧಿಕಾರ?” ಎಂಬ ಪ್ರಶ್ನೆ ಬಂತು. ಪ್ರಶ್ನೆ ನ್ಯಾಯವಾದದ್ದೇ. ನಕ್ಷತ್ರಗಳ ಶಾಸ್ತ್ರ ನನ್ನದಲ್ಲ. ಆದರೆ ಒಂದು ಕೃತಿ, ಅದರ ಪಾಠ, ಅದರ ಅರ್ಥ, ಆ ಅರ್ಥ ಕುಸಿದುಬಿದ್ದ ಮೇಲೆ ಕೃತಿಯ ಗತಿ, ಇವು ನನ್ನ ಕಸುಬಿಗೆ ಸೇರಿದ ಮಾತುಗಳು. ಅಂದು ಕೊಡಲಾಗದ ಉತ್ತರವನ್ನು ಇಲ್ಲಿ ಕೊಡಲು ಯತ್ನಿಸುತ್ತೇನೆ.

ಮೊದಲು ಕೃತಿಯ ವಿಚಾರ. ಇದರ ಕರ್ತೃಗಳು ಮೂವರು: ಮಾರ್ಸೆಲ್ ಡ್ರೆಕ್ಸ್ಲರ್, ಕ್ಸೇವಿಯರ್ ಸ್ಟ್ರಾಟ್ನರ್, ಯಾನ್ ಸೇಂಟಿ. ಮೂವರೂ ಹವ್ಯಾಸಿಗಳು. ಫ್ರಾನ್ಸಿನ ನಾನ್ಸಿ ನಗರದ ಬಳಿಯಿಂದ, 106 ಮಿಲಿಮೀಟರ್ ಬಾಯಿಯ, ಎಂದರೆ ನಮ್ಮ ಊಟದ ಲೋಟಕ್ಕಿಂತ ಸ್ವಲ್ಪ ಅಗಲವಾದ, ಒಂದು ಮಸೂರದ ದೂರದರ್ಶಕದಿಂದ ಈ ಚಿತ್ರ ತೆಗೆಯಲಾಯಿತು. ಒಟ್ಟು ಸುಮಾರು 111 ಗಂಟೆಗಳ ಬೆಳಕು ಇದರಲ್ಲಿ ಸೇರಿದೆ. ಕಮಾನಿನ ವಿಷಯವಾಗಿ ಅವರು ವೃತ್ತಿನಿರತ ವಿಜ್ಞಾನಿಗಳೊಂದಿಗೆ ಸೇರಿ ಬರೆದ ಕಿರುಟಿಪ್ಪಣಿ 2023ರ ಜನವರಿಯಲ್ಲಿ ಅಮೆರಿಕದ ಖಗೋಳ ಸಂಘದ ಪ್ರಕಟಣೆಯಲ್ಲಿ ಬಂತು. ಅದೇ ವರ್ಷ ಲಂಡನ್ನಿನ ಗ್ರೀನಿಚ್ ವೀಕ್ಷಣಾಲಯದವರು ನಡೆಸುವ ಖಗೋಳ ಛಾಯಾಚಿತ್ರ ಸ್ಪರ್ಧೆಯಲ್ಲಿ ಇದೇ ಚಿತ್ರಕ್ಕೆ ಮೊದಲ ಸ್ಥಾನ ದೊರೆಯಿತು. ಚಿತ್ರಕ್ಕೆ ಅವರಿಟ್ಟ ಹೆಸರಿನ ಅರ್ಥ ‘ಆಂಡ್ರೊಮೀಡ, ಅನಿರೀಕ್ಷಿತ’ ಎಂದು. ಈ ಹೆಸರಿನ ಮಾತಿಗೆ ಮತ್ತೆ ಬರುತ್ತೇನೆ.

ಆಂಡ್ರೊಮೀಡ ಅಪರಿಚಿತವಾದುದೇನಲ್ಲ. ಪರ್ಷಿಯದ ಅಲ್ ಸೂಫಿ 964ರ ಸುಮಾರಿಗೆ ತನ್ನ ನಕ್ಷತ್ರಗ್ರಂಥದಲ್ಲಿ ಅದನ್ನು ಪುಟ್ಟ ಮೋಡವೆಂದು ಗುರುತಿಸಿದ್ದಾನೆ. ಕಾರ್ತಿಕದ ಇರುಳಿನಲ್ಲಿ, ದೀಪಗಳಿಲ್ಲದ ಬಯಲಿನಲ್ಲಿ ನಿಂತರೆ ನಮ್ಮ ಬರಿಗಣ್ಣಿಗೂ ಮಸುಕಾಗಿ ಕಾಣುತ್ತದೆ. ಆಕಾಶದಲ್ಲಿ ಅದರ ನಿಜವಾದ ಹರಹು ಆರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು. ಲಕ್ಷಾಂತರ ಸಲ ಚಿತ್ರಿತವಾದ ಈ ವಸ್ತುವಿನ ಮಗ್ಗುಲಲ್ಲೇ ಮೂರು ಚಂದ್ರರಷ್ಟು ಉದ್ದದ ಕಮಾನೊಂದು ಇಷ್ಟು ಕಾಲ ಹೇಗೆ ಅಡಗಿತ್ತು? ಕಾರಣ ಸರಳವಾಗಿದೆ. ದೊಡ್ಡ ದೂರದರ್ಶಕಗಳು ಆಳವಾಗಿ ನೋಡುತ್ತವೆ, ಆದರೆ ಆಕಾಶದ ಸಣ್ಣ ಚೂರನ್ನು ಮಾತ್ರ ನೋಡುತ್ತವೆ. ಅಗಲವಾಗಿ ನೋಡುವ ಸಣ್ಣ ದೂರದರ್ಶಕಗಳವರು ಗೆಲಾಕ್ಸಿಗಳನ್ನು ಚಿತ್ರಿಸುವಾಗ ಎಲ್ಲ ಬಣ್ಣದ ಬೆಳಕನ್ನೂ, ಅದರ ಜೊತೆಗೆ ಹೆಚ್ಚೆಂದರೆ ಜಲಜನಕದ ಕೆಂಪನ್ನೂ ಹಿಡಿಯುತ್ತಿದ್ದರು. ಈ ಮೂವರು ಆಮ್ಲಜನಕದ ಬೆಳಕನ್ನೂ ಹುಡುಕಿದರು. 500.7 ನ್ಯಾನೋಮೀಟರ್ ಎಂಬ ಒಂದೇ ಒಂದು ಹಸಿರು ಗೆರೆಯ ಸುತ್ತಲಿನ ಬೆಳಕನ್ನು ಒಳಬಿಟ್ಟು ಉಳಿದುದನ್ನೆಲ್ಲ ತಡೆಯುವ ಶೋಧಕ ಗಾಜನ್ನು ಕ್ಯಾಮೆರಾದ ಮುಂದೆ ಇಟ್ಟರು. ಎಲ್ಲರೂ ಓದಿದ ಕಾವ್ಯದಲ್ಲಿ ಯಾರೂ ಕೇಳದಿದ್ದ ಪ್ರಶ್ನೆಯೊಂದನ್ನು ಕೇಳಿದರು ಎನ್ನಬಹುದು.

ಆ ಹಸಿರು ಗೆರೆಗೇ ಒಂದು ತಪ್ಪೋದಿನ ಚರಿತ್ರೆಯಿದೆ. 1864ರಲ್ಲಿ ವಿಲಿಯಂ ಹಗಿನ್ಸ್ ಎಂಬ ಇಂಗ್ಲಿಷ್ ಹವ್ಯಾಸಿ ಒಂದು ನೀಹಾರಿಕೆಯ ಬೆಳಕನ್ನು ಪಟ್ಟಕದಿಂದ ಒಡೆದು ನೋಡಿದಾಗ ಈ ಗೆರೆ ಕಂಡಿತು. ಭೂಮಿಯ ಮೇಲಿನ ಯಾವ ಧಾತುವಿಗೂ ಅದು ಹೊಂದಲಿಲ್ಲ. ಹೊಸ ಧಾತುವೇ ಇರಬೇಕೆಂದು ಅದಕ್ಕೆ ‘ನೆಬ್ಯೂಲಿಯಂ’ ಎಂಬ ಹೆಸರೂ ಹುಟ್ಟಿತು. 1927ರಲ್ಲಿ ಐರಾ ಬೋವೆನ್ ಅದು ನಾವು ಉಸಿರಾಡುವ ಆಮ್ಲಜನಕವೇ ಎಂದು ತೋರಿಸಿದರು. ಎರಡು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಆಮ್ಲಜನಕದ ಪರಮಾಣು, ಡಿಕ್ಕಿ ಹೊಡೆಯಲು ನೆರೆಯವರೇ ಇಲ್ಲದಷ್ಟು ವಿರಳವಾದ ಎಡೆಯಲ್ಲಿ ಈ ಬೆಳಕನ್ನು ಚೆಲ್ಲುತ್ತದೆ. ಹೆಸರು ಬಿದ್ದುಹೋಯಿತು, ಗೆರೆ ಉಳಿಯಿತು. ಹಗಿನ್ಸ್ ಕಂಡದ್ದು ಸುಳ್ಳೆಂದು ಯಾರೂ ಹೇಳಲಿಲ್ಲ.

ಈ ಚಿತ್ರ ತಯಾರಾದ ಬಗೆಯನ್ನು ಕೇಳಿದಾಗ ನನಗೆ ಗ್ರಂಥಸಂಪಾದನೆಯ ತರಗತಿ ನೆನಪಾಯಿತು. ಕಮಾನಿನ ಬೆಳಕು ಎಷ್ಟು ಕ್ಷೀಣವೆಂದರೆ ಒಂದು ಚಿತ್ರದಲ್ಲಿ ಅದು ಕ್ಯಾಮೆರಾದ ಸ್ವಂತ ಗೊಣಗಾಟದಲ್ಲಿ, ಊರಿನ ದೀಪಗಳ ಮಬ್ಬಿನಲ್ಲಿ, ಮುಳುಗಿಹೋಗುತ್ತದೆ. ಆದುದರಿಂದ ಒಂದೇ ಎಡೆಯ ಚಿತ್ರವನ್ನು ನೂರಾರು ಸಲ ತೆಗೆದು ಒಂದರ ಮೇಲೊಂದು ಕೂಡಿಸುತ್ತಾರೆ. ನೂರು ಚಿತ್ರ ಕೂಡಿಸಿದರೆ ನಿಜವಾದ ಬೆಳಕು ನೂರು ಪಟ್ಟಾಗುತ್ತದೆ. ಗೊತ್ತುಗುರಿಯಿಲ್ಲದ ಗದ್ದಲವಾದರೋ ಹತ್ತೇ ಪಟ್ಟು ಬೆಳೆಯುತ್ತದೆ. ತಾಳೆಗರಿಯ ಹಲವು ಪ್ರತಿಗಳನ್ನು ಹೋಲಿಸುವಾಗ ನಡೆಯುವುದೂ ಇದೇ. ಒಬ್ಬ ಲಿಪಿಕಾರ ಒಂದು ಕಡೆ ತಪ್ಪುತ್ತಾನೆ, ಇನ್ನೊಬ್ಬ ಮತ್ತೊಂದು ಕಡೆ. ಎಲ್ಲರಲ್ಲೂ ಉಳಿಯುವುದು ಕವಿಯ ಮಾತು. ಆದರೆ ಎಲ್ಲ ಪ್ರತಿಗಳೂ ಒಂದೇ ಮೂಲದಿಂದ ಬಂದಿದ್ದರೆ ಆ ಮೂಲದ ತಪ್ಪು ಎಲ್ಲದರಲ್ಲೂ ಇರುತ್ತದೆ; ಹೋಲಿಕೆ ಅದನ್ನು ಹಿಡಿಯಲಾರದು. ಮಸೂರದ ಮೇಲಿನ ಧೂಳು, ಒಳಗಿನ ಪ್ರತಿಫಲನ, ಇಂಥವು ನೂರು ಚಿತ್ರಗಳಲ್ಲೂ ಕೂಡಿ ಬಲಿಯುತ್ತವೆ. ಅದಕ್ಕೆ ಮದ್ದು ಬೇರೆ ಪರಂಪರೆಯ ಪ್ರತಿ. ಎಂದರೆ ಬೇರೆಯವರು ಬೇರೆ ದೂರದರ್ಶಕದಿಂದ ತೆಗೆದ ಚಿತ್ರ. ಈ ಮೂವರು ಅದನ್ನೂ ಮಾಡಿಸಿದರು. ಬೇರೆ ಉಪಕರಣಗಳಲ್ಲೂ ಅದೇ ಕಮಾನು ಅದೇ ಸ್ಥಾನದಲ್ಲಿ ಮೂಡಿತು. ಅಲ್ಲಿಗೆ ಪಾಠ ಸ್ಥಿರವಾಯಿತು. ನಮ್ಮ ಅಟೆಂಡರ ಮಾತು ನಿಜ: ಕಲೆ ಒಳಗಡೆಯೇ ಇದೆ.

ಇನ್ನು ಚಿತ್ರದ ಗುಣದೋಷ. ಕ್ಷೀಣವಾದುದನ್ನು ಕಾಣಿಸಲು ಚಿತ್ರಕಾರ ಕತ್ತಲೆಗೂ ಅರೆಗತ್ತಲೆಗೂ ಇರುವ ಕೂದಲೆಳೆಯ ಅಂತರವನ್ನು ಹಿಗ್ಗಿಸಬೇಕು. ಇಲ್ಲಿಯೇ ಔಚಿತ್ಯದ ಪರೀಕ್ಷೆ. ಇಂದು ಗೆಲಾಕ್ಸಿಗಳ ಸುತ್ತಲಿನ ಮಬ್ಬನ್ನು ಚಿತ್ರಿಸುವ ಹವ್ಯಾಸ ಎಲ್ಲೆಡೆ ಬೆಳೆದಿದೆ. ಆಕಾಶಗಂಗೆಯ ಒಟ್ಟು ಬೆಳಕನ್ನು ಪ್ರತಿಫಲಿಸುವ ತೆಳು ಧೂಳಿನ ಮೋಡಗಳು ಹಲವು ಗೆಲಾಕ್ಸಿಗಳ ಮುಂದೆ ಜೇಡನ ಬಲೆಯಂತೆ ಹರಡಿವೆ. ಸಪ್ತರ್ಷಿಮಂಡಲದ ಎಂ 81, ಎಂ 82 ಎಂಬ ಜೋಡಿಯ ಸುತ್ತ ಅವನ್ನು ಚಿತ್ರಿಸುವುದು ಒಂದು ಪಂಥವೇ ಆಗಿದೆ. ಅವುಗಳಲ್ಲಿ ಕೆಲವನ್ನು ನೋಡಿದರೆ ಮೋಡ ಎಷ್ಟು ಗಟ್ಟಿಯಾಗಿದೆಯೆಂದರೆ ಗೆಲಾಕ್ಸಿಯೇ ಅದರ ಅಲಂಕಾರಕ್ಕೆ ಸಿಕ್ಕಿಸಿದ ಹೂವಿನಂತೆ ಕಾಣುತ್ತದೆ. ಕಾವ್ಯಮೀಮಾಂಸಕರು ನೇಯಾರ್ಥವೆಂದು ಕರೆದ ದೋಷ ಇದು: ಮಾತಿನಲ್ಲಿಲ್ಲದ ಅರ್ಥವನ್ನು ಎಳೆದು ತರುವುದು. ಗದ್ದಲ ಅಳಿಸುವ ತಂತ್ರಾಂಶಗಳು ಬಂದ ಮೇಲೆ ಈ ಅಪಾಯ ಇನ್ನೂ ಹೆಚ್ಚಿದೆ. ಅವು ಮಚ್ಚೆಗಳನ್ನು ಎಷ್ಟು ನಯವಾಗಿ ಒರೆಸುತ್ತವೆಂದರೆ ಒರೆಸಿದ ಕೈಯ ಗುರುತೂ ಉಳಿಯದು.

‘ಅನಿರೀಕ್ಷಿತ’ದಲ್ಲಿ ಈ ಅತಿರೇಕವಿಲ್ಲ. ಕಮಾನು ಗೆಲಾಕ್ಸಿಗಿಂತ ಮೆಲುದನಿಯಲ್ಲೇ ಮಾತನಾಡುತ್ತದೆ. ಮೊದಲು ಕಣ್ಣು ಗೆಲಾಕ್ಸಿಗೆ ಹೋಗಿ, ಅದರ ಅಂಚಿನಲ್ಲಿ ಸುತ್ತಾಡಿ, ಆಮೇಲೆ ತಾನಾಗಿಯೇ ಪಕ್ಕಕ್ಕೆ ಸರಿಯುತ್ತದೆ. ಆಮ್ಲಜನಕಕ್ಕೆ ನೀಲಿ, ಜಲಜನಕಕ್ಕೆ ಕೆಂಪು ಎಂಬ ಬಣ್ಣದ ಹಂಚಿಕೆ ಕರ್ತೃಗಳ ಆಯ್ಕೆ. ಅಲ್ಲಿಗೆ ಹೋಗಿ ನಿಂತರೂ ನಮ್ಮ ಕಣ್ಣಿಗೆ ಹಾಗೆ ಕಾಣುವುದಿಲ್ಲ. ಇದನ್ನು ಸುಳ್ಳೆನ್ನಲಾಗದು. ಷಟ್ಪದಿಯಲ್ಲಿ ಯಾರೂ ಅಳುವುದಿಲ್ಲ. ಆದರೂ ಷಟ್ಪದಿಯ ಅಳು ಸುಳ್ಳಲ್ಲ. ನನ್ನ ಆಕ್ಷೇಪಣೆ ಒಂದೇ. ಗೆಲಾಕ್ಸಿಯ ಬಾಗಿಗೆ ಕಮಾನಿನ ಬಾಗು ಸಂವಾದಿಯಾಗುವಂತೆ ಚೌಕಟ್ಟನ್ನು ಎಷ್ಟು ಚೆಲುವಾಗಿ ಕೂಡಿಸಿದ್ದಾರೆಂದರೆ ಎರಡೂ ಒಂದೇ ಸಂಸಾರದವು ಎಂದು ನೋಡಿದವರ ಮನಸ್ಸು ಕೂಡಲೇ ನಂಬುತ್ತದೆ. ಚಿತ್ರ ಹಾಗೆಂದು ಹೇಳುವುದಿಲ್ಲ. ನಾವು ಹಾಗೆ ಕೇಳಿಸಿಕೊಳ್ಳುತ್ತೇವೆ.

ಆಂಡ್ರೊಮೀಡದ ವಿಷಯದಲ್ಲಿ ಹೀಗೆ ಕೇಳಿಸಿಕೊಂಡದ್ದು ಇದು ಮೊದಲಲ್ಲ. 1888ರ ಡಿಸೆಂಬರ್ 29ರಂದು ಲಿವರ್‌ಪೂಲ್ ನಗರದ ಹತ್ತಿರ ಐಸಾಕ್ ರಾಬರ್ಟ್ಸ್ ಎಂಬಾತ 20 ಅಂಗುಲದ ಕನ್ನಡಿಯ ದೂರದರ್ಶಕದಿಂದ ಅದರ ಚಿತ್ರ ತೆಗೆದ. ಆತನೂ ಹವ್ಯಾಸಿಯೇ; ಕಟ್ಟಡ ಕಟ್ಟಿಸುವ ಕಸುಬಿನವನು. ಅಲ್ಲಿಯವರೆಗೆ ಮೋಡವಾಗಿದ್ದುದರಲ್ಲಿ ಸುರುಳಿಗಳು ಸ್ಪಷ್ಟವಾಗಿ ಮೂಡಿದವು. ಆ ಕಾಲದವರು ಅದನ್ನು ಹುಟ್ಟುತ್ತಿರುವ ಒಂದು ಸೌರವ್ಯೂಹವೆಂದು ಓದಿದರು. ನಡುವೆ ಸೂರ್ಯ, ಸುತ್ತ ಗ್ರಹಗಳಾಗಲಿರುವ ಉಂಗುರಗಳು! 1923ರ ಅಕ್ಟೋಬರಿನಲ್ಲಿ ಎಡ್ವಿನ್ ಹಬಲ್ ಮೌಂಟ್ ವಿಲ್ಸನ್ನಿನ 100 ಅಂಗುಲದ ದೂರದರ್ಶಕದಿಂದ ಅದರ ಇನ್ನೊಂದು ಫಲಕ ತೆಗೆದರು. ಒಂದು ಚುಕ್ಕೆಯ ಪಕ್ಕದಲ್ಲಿ ನೋವಾ, ಎಂದರೆ ಹಠಾತ್ತನೆ ಹೊಳೆಯುವ ತಾರೆ, ಎಂಬುದರ ಮೊದಲಕ್ಷರವನ್ನು ಬರೆದಿದ್ದರು. ಆಮೇಲೆ ಅದನ್ನು ಹೊಡೆದುಹಾಕಿ, ಬೆಳಕು ಏರಿಳಿಯುವ ತಾರೆ ಎಂಬರ್ಥದ ಸಂಕ್ಷೇಪವನ್ನೂ ಒಂದು ಉದ್ಗಾರ ಚಿಹ್ನೆಯನ್ನೂ ಬರೆದರು. ಅಂಥ ತಾರೆಗಳ ಏರಿಳಿತದ ಅವಧಿಯಿಂದ ಅವುಗಳ ನಿಜವಾದ ಕಾಂತಿಯನ್ನು ತಿಳಿಯುವ ನಿಯಮವನ್ನು ಹೆನ್ರಿಯೆಟ್ಟಾ ಲೀವಿಟ್ 1912ರಲ್ಲಿ ಹೇಳಿಕೊಟ್ಟಿದ್ದರು. ಲೆಕ್ಕ ಹಾಕಿದಾಗ ಆಂಡ್ರೊಮೀಡ ಆಕಾಶಗಂಗೆಯಾಚೆಯ ಇನ್ನೊಂದು ನಕ್ಷತ್ರಲೋಕವೆಂದು ತಿಳಿಯಿತು. ಇಂದಿನ ಎಣಿಕೆಯಂತೆ ಅದು 25 ಲಕ್ಷ ಜ್ಯೋತಿರ್ವರ್ಷಗಳಾಚೆ ಇದೆ. ಆ ಫಲಕದ ಮೇಲಿನ ಹೊಡೆದುಹಾಕಿದ ಅಕ್ಷರವನ್ನು ನಾನು ಪುಸ್ತಕದಲ್ಲಿ ನೋಡಿದ್ದೇನೆ. ಪಾಠ ತಿದ್ದುವವರೆಲ್ಲ ಗೌರವಿಸಬೇಕಾದ ಗೀಟು ಅದು.

ರಾಬರ್ಟ್ಸನ ಚಿತ್ರದಲ್ಲಿ ಸುರುಳಿ ಇತ್ತು, ದೂರ ಇರಲಿಲ್ಲ. ಆದುದರಿಂದ ದೂರದ್ದನ್ನು ಹತ್ತಿರವೆಂದು ಓದಿದರು. ನಮ್ಮ ಗೋಡೆಯ ಮೇಲಿನ ಚಿತ್ರದಲ್ಲಿ ಕಮಾನು ಇದೆ, ದೂರ ಇಲ್ಲ. ಆದುದರಿಂದ ಹತ್ತಿರದ್ದನ್ನು ದೂರವೆಂದು ಓದಿದೆವು. ಆಂಡ್ರೊಮೀಡದ ಹೊರವಲಯದ ಅನಿಲವೋ, ಎರಡು ಗೆಲಾಕ್ಸಿಗಳ ಭೇಟಿಯ ಮುನ್ಸೂಚನೆಯೋ ಎಂದು ಬಗೆಬಗೆಯ ಊಹೆಗಳು ಎದ್ದವು. ಆದರೆ ಬೆಳಕನ್ನು ಒಡೆದು ನೋಡಿದರೆ ವಸ್ತುವಿನ ವೇಗ ತಿಳಿಯುತ್ತದೆ. ಆಂಡ್ರೊಮೀಡ ಸೆಕೆಂಡಿಗೆ ಸುಮಾರು 300 ಕಿಲೋಮೀಟರ್ ವೇಗದಲ್ಲಿ ನಮ್ಮತ್ತ ಬರುತ್ತಿದೆ. 2023ರಲ್ಲೇ ಫ್ರಾನ್ಸಿನ ಖಗೋಳಜ್ಞರು ಕಮಾನಿನ ವೇಗವನ್ನು ಅಳೆದಾಗ ಅದು ಇದಕ್ಕೆ ಹೊಂದಲಿಲ್ಲ. ಕಮಾನು ನಮ್ಮ ಆಕಾಶಗಂಗೆಯೊಳಗಿನದೇ ಇರಬೇಕೆಂದರು. 2025ರಲ್ಲಿ ಪ್ಯಾಟ್ರಿಕ್ ಓಗಲ್ ಮತ್ತು ಸಂಗಡಿಗರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಇಜಿ ಆಂಡ್ರೊಮೀಡೆ ಎಂಬ, ಸುಮಾರು 2,000 ಜ್ಯೋತಿರ್ವರ್ಷ ದೂರದ ಜೋಡಿತಾರೆಯೊಂದಿದೆ. ಅದು ಬಹಳ ಹಿಂದೆ ತೊರೆದ ಅನಿಲದ ಹೊದಿಕೆ ಈಗ ಪ್ರೇತದಂತೆ ಉಳಿದು, ತಾರೆಗಳ ನಡುವಿನ ಅನಿಲಕ್ಕೆ ತಾಗಿ, ದೋಣಿಯ ಮೂತಿಯ ಮುಂದಿನ ಅಲೆಯಂತೆ ಬಾಗಿದೆ. ಕಮಾನು ಎಂದರೆ ಅದೇ ಎಂಬುದು ಅವರ ನಿರ್ಣಯ. ಗೆಲಾಕ್ಸಿಗಿಂತ ಸಾವಿರ ಪಟ್ಟಿಗೂ ಮಿಕ್ಕಿ ಹತ್ತಿರ! ಕಿಟಕಿಯ ಗಾಜಿನ ಮೇಲಿನ ಉಸಿರನ್ನು ಎದುರು ಬೆಟ್ಟದ ಮಂಜೆಂದು ತಿಳಿದಂತಾಯಿತು.

ಆದರೆ ಎಲ್ಲ ತಪ್ಪುಗಳೂ ಒಂದೇ ಜಾತಿಯವಲ್ಲ. 2008ರಲ್ಲಿ ಇನ್ನೊಂದು ಹವ್ಯಾಸಿ ದೂರದರ್ಶಕದ ನೆರವಿನಿಂದ ಎನ್‌ಜಿಸಿ 5907 ಎಂಬ ಗೆಲಾಕ್ಸಿಯ ಸುತ್ತ ನಕ್ಷತ್ರಗಳ ಕ್ಷೀಣವಾದ ಹೊನಲು ಎರಡು ಸುತ್ತು ಸುತ್ತಿಕೊಂಡಿರುವ ಚಿತ್ರ ಪ್ರಕಟವಾಯಿತು. ಅದು ಬಹು ಪ್ರಸಿದ್ಧವಾಯಿತು. ನುಂಗಲ್ಪಟ್ಟ ಸಣ್ಣ ಗೆಲಾಕ್ಸಿಯ ಅವಶೇಷವದು. 2019ರಲ್ಲಿ ಡ್ರ್ಯಾಗನ್‌ಫ್ಲೈ ಎಂಬ, ಸಾಮಾನ್ಯ ಕ್ಯಾಮೆರಾ ಮಸೂರಗಳನ್ನೇ ಗೊಂಚಲಾಗಿ ಕಟ್ಟಿದ ದೂರದರ್ಶಕದಿಂದ ನೋಡಿದಾಗ ಹೊನಲು ಇತ್ತು. ಆದರೆ ಎರಡನೆಯ ಸುತ್ತು ಕಾಣಲಿಲ್ಲ. ಅಲ್ಲಿ ಸಂದೇಹಕ್ಕೆ ಗುರಿಯಾದುದು ಪಾಠವೇ. ಇಲ್ಲಿ, ಆಂಡ್ರೊಮೀಡದ ಚಿತ್ರದಲ್ಲಿ, ಪಾಠ ಅಲುಗಿಲ್ಲ; ಬಿದ್ದದ್ದು ಭಾಷ್ಯ. ಪಾಠ ಬಿದ್ದರೆ ಚಿತ್ರವನ್ನು ಇಳಿಸಿ ತಿದ್ದಬೇಕು. ಭಾಷ್ಯ ಬಿದ್ದರೆ ಭಾಷ್ಯಕಾರ ತಲೆತಗ್ಗಿಸಬೇಕು, ಚಿತ್ರವಲ್ಲ. ನಮ್ಮ ಇತಿಹಾಸದ ಮಿತ್ರರಿಗೆ ನಾನು ಹೇಳಲಾಗದೆ ಹೋದ ಮಾತು ಇದು.

ಹೇಳಲಾಗದೆ ಹೋದುದಕ್ಕೆ ಕಾರಣವೂ ಉಂಟು. ಹನ್ನೆರಡು ವರ್ಷಗಳ ಹಿಂದೆ ನಾನು ಒಂದು ಅಪ್ರಕಟಿತ ಷಟ್ಪದಿ ಕಾವ್ಯವನ್ನು ಕುರಿತು ಲೇಖನ ಬರೆದೆ. ಅದರ ಕೊನೆಯ ಸಂಧಿಯಲ್ಲಿ ಒಂದು ಪದ್ಯವಿದೆ. ದೀಪದ ಬೆಳಕಿನಲ್ಲಿ ಕಣ್ಣು ಮಂಜಾಯಿತು, ಬೆನ್ನು ಬಾಗಿತು, ಆದರೂ ಕೈ ನಿಲ್ಲಲಿಲ್ಲ ಎಂಬುದು ಅದರ ಸಾರ. ನಾನು ಇದನ್ನು ಕವಿಯ ಆತ್ಮಕಥೆಯೆಂದು ಓದಿದೆ. ಮೂರು ಪ್ರತಿಗಳಲ್ಲೂ ಪದ್ಯವಿತ್ತು; ಸಂದೇಹಕ್ಕೆ ಎಡೆಯೆಲ್ಲಿ? ಆ ಒಂದು ಪದ್ಯದ ಮೇಲೆ ಕವಿಯ ವೃದ್ಧಾಪ್ಯ, ಬಡತನ, ಏಕಾಂತ ಎಲ್ಲವನ್ನೂ ಕಟ್ಟಿದೆ. ಲೇಖನಕ್ಕೆ ಒಳ್ಳೆಯ ಹೆಸರು ಬಂತು. ನಾಲ್ಕು ವರ್ಷದ ಮೇಲೆ ನನ್ನ ವಿದ್ಯಾರ್ಥಿನಿಯೊಬ್ಬಳು ಒಂದು ಗಣಿತದ ತಾಳೆಗರಿಯನ್ನು ಓದುತ್ತಿದ್ದವಳು, ಅದರ ಕೊನೆಯಲ್ಲಿ ಅದೇ ಪದ್ಯವನ್ನು ತೋರಿಸಿದಳು. ಬರೆದವನ ಹೆಸರೂ ಕೆಳಗಿತ್ತು. ಅವನು ಕವಿಯಲ್ಲ, ಲಿಪಿಕಾರ. ಕವಿಗಿಂತ ನೂರೈವತ್ತು ವರ್ಷ ಈಚಿನವನು. ನನ್ನ ಮೂರು ಪ್ರತಿಗಳೂ ಅವನ ಪ್ರತಿಯಿಂದಲೇ ಇಳಿದುಬಂದವು. “ಸರ್, ಇದನ್ನು ಬರೆಯಲೇ?” ಎಂದು ಅವಳು ಕೇಳಿದಳು. “ಇರಲಿ, ಇನ್ನೂ ನೋಡೋಣ” ಎಂದೆ. ನೋಡುವುದು ಏನೂ ಉಳಿದಿರಲಿಲ್ಲ. ಅವಳು ಮರ್ಯಾದೆಗೆ ಸುಮ್ಮನಾದಳು; ನಾನು ಮಾನಕ್ಕೆ ಅಂಜಿ ಸುಮ್ಮನಾದೆ. ಎಂಟು ವರ್ಷದ ಆ ಮೌನವನ್ನು ಇಲ್ಲಿ ಮುರಿಯುತ್ತಿದ್ದೇನೆ. ತಿದ್ದುಪಡಿ ಅವಳದು, ತಪ್ಪು ನನ್ನದು.

ಆದರೆ ಈಗ ಆ ಪದ್ಯವನ್ನು ಮತ್ತೆ ಓದಿದರೆ ಅದು ಸುಳ್ಳಾಗಿ ಕಾಣುವುದಿಲ್ಲ. ಮತ್ತೊಬ್ಬರ ಕಾವ್ಯವನ್ನೂ ಮತ್ತೊಬ್ಬರ ಲೆಕ್ಕವನ್ನೂ ಹೊಟ್ಟೆಪಾಡಿಗಾಗಿ ನಕಲು ಮಾಡುತ್ತ ಕಣ್ಣು ಕಳೆದುಕೊಂಡ ಒಬ್ಬ ಮನುಷ್ಯ ಅಲ್ಲಿದ್ದಾನೆ. ಅವನ ಉಸಿರು ದೊಡ್ಡ ಕವಿಯ ಪಕ್ಕದಲ್ಲಿ ಬಿದ್ದಿದ್ದರಿಂದ ಕವಿಯದೆಂದು ನಾನು ತಿಳಿದೆ. ಅವನಿಗೆ ಸಲ್ಲಬೇಕಾದ ಕನಿಕರವನ್ನು ಕವಿಗೆ ಸಲ್ಲಿಸಿದೆ. ಇಜಿ ಆಂಡ್ರೊಮೀಡೆಯ ಕಥೆಯೂ ಇಂಥದೇ. ಸಾಯುತ್ತಿರುವ ತಾರೆಯೊಂದು ತೊರೆದ ಹೊದಿಕೆ ಗೆಲಾಕ್ಸಿಯ ವೈಭವಕ್ಕೆ ಸೇರಿದ್ದೆಂದಾಗ ನಾವೆಲ್ಲ ಬೆರಗಾದೆವು. ಅದು ತನ್ನದೇ ಎಂದು ತಿಳಿದಾಗ ಬೆರಗು ಕಡಿಮೆಯಾಗಬೇಕೇಕೆ?

ಇಲ್ಲಿ ಚಿತ್ರದ ಹೆಸರಿಗೆ ಬರುತ್ತೇನೆ. ಅದನ್ನು ಇಟ್ಟವರು ‘ಆಂಡ್ರೊಮೀಡದ ಕಮಾನು’ ಎನ್ನಲಿಲ್ಲ. ‘ಅನಿರೀಕ್ಷಿತ’ ಎಂದರು. ಆ ಒಂದು ಮಾತಿನಲ್ಲಿ ತಾವು ಕಂಡದ್ದಕ್ಕೆ ಸಾಕ್ಷಿಯಿದೆ, ತಮಗೆ ತಿಳಿಯದ್ದಕ್ಕೆ ಜಾಗವಿದೆ. ಭಾಷ್ಯ ಬಿದ್ದ ಮೇಲೂ ಹೆಸರು ನಿಂತಿದೆ. ನನ್ನ ಲೇಖನಕ್ಕೆ ನಾನಿಟ್ಟ ಹೆಸರಿನಲ್ಲಿ ಅಂಥ ಜಾಗವಿರಲಿಲ್ಲ. ಕ್ಷೀಣವಾದುದನ್ನು ಮೊದಲು ಕಾಣುವವರಿಗೆ ತಾಳ್ಮೆ ಬೇಕು. ಕಂಡುದಕ್ಕೆ ಹೆಸರಿಡುವಾಗ ಅದಕ್ಕಿಂತ ಹೆಚ್ಚಿನ ತಾಳ್ಮೆ ಬೇಕು. ಚಿತ್ರಕ್ಕೂ ಕಾವ್ಯಕ್ಕೂ ದೂರವನ್ನು ತಾನೇ ಹೇಳುವ ಶಕ್ತಿಯಿಲ್ಲ. ಯಾವುದು ಎದುರಿನದು, ಯಾವುದು ಹಿಂದಿನದು, ಯಾವುದು ಯಾರದು ಎಂದು ತಿಳಿಸುವುದು ವಿಮರ್ಶೆಯ ಕೆಲಸ. ಆ ಕೆಲಸ ತಪ್ಪಿದಾಗ ಕೃತಿಯ ಮೇಲೆ ಮುನಿಯುವುದು ನ್ಯಾಯವಲ್ಲ.

ಚಿತ್ರ ಗೋಡೆಯ ಮೇಲೆಯೇ ಇದೆ. ಭೌತಶಾಸ್ತ್ರದ ಮಿತ್ರರು ಕೆಳಗೊಂದು ಚೀಟಿ ಬರೆದು ಅಂಟಿಸಿದ್ದಾರೆ: ಗೆಲಾಕ್ಸಿ, 25 ಲಕ್ಷ ಜ್ಯೋತಿರ್ವರ್ಷ, ಕಮಾನು, ಸುಮಾರು 2,000. ಚೀಟಿಗೆ ಗೋಂದು ಹಚ್ಚಿದವರು ಅಟೆಂಡರೇ. ಕೈ ಒರೆಸಿಕೊಳ್ಳುತ್ತ, “ಹಾಗಾದರೆ ಕಲೆ ಒಳಗಡೆ ಅಂದದ್ದು ಸರಿ ತಾನೇ ಸಾರ್?” ಎಂದು ಕೇಳಿದರು.

“ಸರಿಯೇ” ಎಂದೆ, “ಆದರೆ ನಾವೆಲ್ಲ ಅಂದುಕೊಂಡಷ್ಟು ಒಳಗಲ್ಲ.”